ಕೈಯ ಇಸುಬು: ಮುಲಾಮಿಗೂ ಮೊದಲು ನೀರಿನ ಲೆಕ್ಕ ಹಾಕಿ

ಗೆಣ್ಣುಗಳ ಮೇಲೆ ಕೆಂಪು. ಅಂಗೈಯಲ್ಲಿ ಸೀಳು. ಸಾರಿಗೆ ಹುಣಸೆಹಣ್ಣು ಕಿವುಚಿದರೆ ಪ್ರಾಣ ಹೋಗುವಷ್ಟು ಉರಿ. ಇಷ್ಟಾದರೂ ಹೆಚ್ಚಿನವರು ‘ಚಳಿಗೆ ಕೈ ಒಡೆದಿದೆ, ಬಿಡು’ ಎಂದು ಸುಮ್ಮನಾಗುತ್ತಾರೆ. ಚಳಿಗಾಲ ಕಳೆದು ಯುಗಾದಿ ಬಂದರೂ ಕೈ ಸರಿಹೋಗದಿದ್ದರೆ ಅದು ಬರೀ ಒಡಕಲ್ಲ, ಇಸುಬು ಇರಬಹುದು. ಡಾಕ್ಟರ ಚೀಟಿಯಲ್ಲಿ ಎಕ್ಸಿಮಾ ಅಂತಲೋ ಡರ್ಮಟೈಟಿಸ್ ಅಂತಲೋ ಬರೆದಿರುತ್ತದೆ. ಮೂರು ತಿಂಗಳು ದಾಟಿದರೆ, ಇಲ್ಲವೇ ವರ್ಷದಲ್ಲಿ ಎರಡು ಸಲ ಮರಳಿ ಬಂದರೆ ಅದು ದೀರ್ಘಕಾಲದ ಇಸುಬು ಎಂದೇ ಲೆಕ್ಕ.

ಮೊದಲೇ ಹೇಳಿಬಿಡಬೇಕಾದ ಮಾತು: ಇದು ಅಂಟುರೋಗ ಅಲ್ಲ. ಇಸುಬಾದ ಕೈಯಲ್ಲಿ ಮಗುವನ್ನು ಎತ್ತಿಕೊಂಡರೆ ಮಗುವಿಗೆ ಇಸುಬು ಬರುವುದಿಲ್ಲ. ಕೊಳಕಿನಿಂದ ಬಂತು ಎನ್ನುವುದೂ ತಪ್ಪು. ಜಾಸ್ತಿ ತೊಳೆದ ಕೈಗೇ ಇದು ಜಾಸ್ತಿ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಅವರ ಚರ್ಮ ಮೆದು ಎಂಬ ಕಾರಣಕ್ಕಲ್ಲ. ನೀರಿನ ಕೆಲಸವೆಲ್ಲ ಅವರ ಕೈಗೇ ಬಿದ್ದಿರುವುದರಿಂದ. ಹಾಗಾಗಿ ಮನೆಯಲ್ಲಿ ಪಾತ್ರೆ ಯಾರು ತೊಳೆಯುತ್ತಾರೆ ಎನ್ನುವುದು ಈ ಕಾಯಿಲೆಯಲ್ಲಿ ಚಿಕಿತ್ಸೆಯ ಪ್ರಶ್ನೆ. ಯಾವ ಮುಲಾಮು ಎನ್ನುವುದು ಆಮೇಲೆ.

1. ಇಸುಬೇ ಹೌದಾ, ನೋಡಿಕೊಳ್ಳಿ

ಎರಡೂ ಕೈ ಒಟ್ಟಿಗೆ ಮುಂದೆ ಚಾಚಿ. ಒಂದೇ ಅಂಗೈ ಒಣಗಿ ಹಿಟ್ಟು ಹಿಟ್ಟಾಗಿ ಸಿಪ್ಪೆ ಏಳುತ್ತಿದ್ದು, ಇನ್ನೊಂದು ಚೆನ್ನಾಗಿಯೇ ಇದೆಯಾ? ಹಾಗಾದರೆ ಪಾದಗಳನ್ನೂ ನೋಡಿ. ಪಾದದಲ್ಲೂ ಸಿಪ್ಪೆ ಎದ್ದಿದ್ದರೆ ಅದು ಹುಳುಕಡ್ಡಿ, ಅಂದರೆ ಫಂಗಸ್ ಆಗಿರುವ ಸಾಧ್ಯತೆ ಹೆಚ್ಚು. ಚರ್ಮ ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿ ನಿದ್ದೆ ಕೆಡಿಸುವ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಎಂದಾದರೆ ಕಜ್ಜಿ ಇರಬಹುದು. ಕಜ್ಜಿ ಅಂಟುತ್ತದೆ, ಮನೆಮಂದಿಗೆಲ್ಲ ಒಟ್ಟಿಗೆ ಔಷಧಿ ಬೇಕು. ಮೊಣಕೈ, ಮಂಡಿ, ನೆತ್ತಿಯಲ್ಲೂ ದಪ್ಪ ಹೊಪ್ಪಳೆ ಇದ್ದರೆ ಸೋರಿಯಾಸಿಸ್ ಅನುಮಾನ.

ಇಸುಬಿನಲ್ಲೇ ಒಂದು ಬಗೆ ಅಂಗೈಯಲ್ಲಿ, ಬೆರಳ ಪಕ್ಕಗಳಲ್ಲಿ ಸಣ್ಣ ನೀರುಗುಳ್ಳೆಯಾಗಿ ಏಳುತ್ತದೆ. ಚರ್ಮದೊಳಗೆ ಬೇಯಿಸಿದ ಸಬ್ಬಕ್ಕಿ ಹುದುಗಿಸಿಟ್ಟ ಹಾಗೆ ಕಾಣುತ್ತದೆ. ಗುಳ್ಳೆ ಏಳುವ ಮೊದಲೇ ವಿಪರೀತ ತುರಿಕೆ. ಇದಕ್ಕೆ ಪಾಂಫೋಲಿಕ್ಸ್ ಎನ್ನುತ್ತಾರೆ. ಸೂಜಿಯಿಂದ ಚುಚ್ಚಿ ಒಡೆಯಲು ಹೋಗಬೇಡಿ.

2. ಒಂದು ದಿನದ ನೀರಿನ ಲೆಕ್ಕ

ಇದಕ್ಕೆ ಬೇಕಾದ್ದು ಒಂದು ಚೀಟಿ, ಒಂದು ಪೆನ್ನು. ಅಡುಗೆಮನೆಯಲ್ಲಿ ಕೈಗೆಟಕುವ ಕಡೆ ಇಟ್ಟುಕೊಳ್ಳಿ. ಕೈ ಒದ್ದೆಯಾದಾಗಲೆಲ್ಲ ಒಂದು ಗೀಟು.

ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವಾಗ ಒಂದು. ಹಾಲಿನ ಪಾತ್ರೆ, ಕಾಫಿ ಲೋಟ. ಸೊಪ್ಪು ಮೂರು ನೀರಿನಲ್ಲಿ ತೊಳೆಯುವುದು. ಚಟ್ನಿ ರುಬ್ಬಿದ ಮಿಕ್ಸಿ ಜಾರು. ಡಬ್ಬಿಗಳು. ವಾಷಿಂಗ್ ಮೆಷಿನ್ ಇದ್ದರೂ ಶರ್ಟಿನ ಕಾಲರು ಉಜ್ಜುವುದು ಕೈಯಲ್ಲೇ, ಅಲ್ವಾ? ನೆಲ ಒರೆಸುವ ಬಟ್ಟೆ ಹಿಂಡುವುದು. ಮಗುವನ್ನು ತೊಳೆಸುವುದು. ರಾತ್ರಿ ಕುಕ್ಕರಿನ ತಳಕ್ಕೆ ಅಂಟಿದ್ದನ್ನು ಕೆರೆಯುವುದು. ಸಂಜೆಗೆ ಚೀಟಿ ನೋಡಿದರೆ ನಿಮಗೇ ಗಾಬರಿಯಾಗುತ್ತದೆ.

ದಿನಕ್ಕೆ ಒಟ್ಟು 2 ಗಂಟೆಗಿಂತ ಹೆಚ್ಚು ಕೈ ಒದ್ದೆಯಾಗಿದ್ದರೆ, ಅಥವಾ 20 ಸಲಕ್ಕಿಂತ ಹೆಚ್ಚು ತೊಳೆದರೆ ಅದು ಇಸುಬು ಬರಿಸುವಂಥ ಕೆಲಸ ಎಂಬುದು ಚರ್ಮತಜ್ಞರು ಸಾಮಾನ್ಯವಾಗಿ ಹಿಡಿಯುವ ಅಳತೆ. ಬೆವರುವ ರಬ್ಬರ್ ಗ್ಲೌಸಿನೊಳಗೆ ಕಳೆದ ಹೊತ್ತೂ ಇದಕ್ಕೆ ಸೇರುತ್ತದೆ. ನಾಲ್ಕೈದು ಮನೆಗಳ ಪಾತ್ರೆ ತೊಳೆಯುವವರು, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರು, ನರ್ಸುಗಳು, ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವವರು ಬೆಳಿಗ್ಗೆ ಹತ್ತು ಹನ್ನೊಂದರೊಳಗೇ ಈ ಗಡಿ ದಾಟಿರುತ್ತಾರೆ.

ನೀರಿಗೆ ಯಾಕೆ ಇಷ್ಟು ಶಕ್ತಿ? ಚರ್ಮದ ಮೇಲ್ಪದರದಲ್ಲಿ ಒಂದು ಬಗೆಯ ಜಿಡ್ಡಿದೆ. ಒಳಗಿನ ತೇವ ಆರದ ಹಾಗೆ, ಹೊರಗಿನ ಖಾರ ಒಳಗೆ ಹೋಗದ ಹಾಗೆ ತಡೆಯುವುದು ಅದೇ. ಚರ್ಮದ ಪಿಎಚ್ 5ರ ಆಸುಪಾಸು, ಅಂದರೆ ತುಸು ಹುಳಿ. ಮಾಮೂಲಿ ಸೋಪಿನದು 9ರಿಂದ 10, ಅಂದರೆ ಕ್ಷಾರ. ಪ್ರತಿ ಸಲ ಸೋಪು ತಾಗಿದಾಗ ಈ ಜಿಡ್ಡು ಒಂದಿಷ್ಟು ಹೋಗುತ್ತದೆ. ಅದು ಮತ್ತೆ ಕೂಡುವ ಮೊದಲೇ ಇನ್ನೊಂದು ತೊಳೆತ. ಒದ್ದೆ, ಒಣ, ಒದ್ದೆ, ಒಣ. ಕೊನೆಗೊಂದು ದಿನ ಚರ್ಮ ಸೀಳುತ್ತದೆ. ಚಿಕ್ಕಂದಿನಲ್ಲಿ ಮಂಡಿಯ ಹಿಂದೆ, ಮೊಣಕೈ ಮಡಿಕೆಯಲ್ಲಿ ಇಸುಬಿದ್ದವರಿಗೆ ಈ ದಿನ ಬೇಗ ಬರುತ್ತದೆ.

ಈಗ ಚೀಟಿ ಹಿಡಿದು ಗೀಟು ಕಡಿಮೆ ಮಾಡಿ. ಪಾತ್ರೆಯನ್ನು ಆಗಾಗ ಒಂದೊಂದೇ ತೊಳೆಯುವ ಬದಲು ನೆನೆಹಾಕಿಟ್ಟು ದಿನಕ್ಕೆ ಎರಡೇ ಹೊತ್ತು ತೊಳೆಯಿರಿ. ನೀರಲ್ಲಿ ಕರಗಿ ಕೂತ ಸೋಪಿನ ಬಿಲ್ಲೆಯನ್ನು ಕೈಯಲ್ಲಿ ತೆಗೆಯುವುದು ಬೇಡ. ಉದ್ದ ಹಿಡಿಕೆಯ ಬ್ರಷ್‌ಗೆ ಲಿಕ್ವಿಡ್ ಹಾಕಿಕೊಳ್ಳಿ. ನೆಲಕ್ಕೆ ಕೋಲಿನ ಮಾಪ್. ಉಳಿದದ್ದನ್ನು ಹಂಚಿ. ಡಾಕ್ಟರು ಚೀಟಿ ಬರೆದುಕೊಡಬಲ್ಲರು, ಆದರೆ ‘ಎರಡು ತಿಂಗಳು ಪಾತ್ರೆ ಯಜಮಾನರೇ ತೊಳೆಯಲಿ’ ಎಂದು ಬರೆಯುವವರು ಅಪರೂಪ. ಬರೆದರೆ ಒಳ್ಳೆಯದು ಎನ್ನುವವ ನಾನು.

3. ಎಲ್ಲಿ ಶುರುವಾಯಿತು?

ಜಾಗವೇ ಎಷ್ಟೋ ಸಲ ಕಾರಣ ಹೇಳುತ್ತದೆ. ಉಂಗುರದ ಕೆಳಗೆ ಶುರುವಾಗಿದ್ದರೆ ಅಲ್ಲಿ ಸೋಪು ನಿಲ್ಲುತ್ತಿದೆ. ಕೆಲವೊಮ್ಮೆ ಉಂಗುರದ ನಿಕಲ್ ಲೋಹಕ್ಕೇ ಅಲರ್ಜಿ. ಬಲಗೈಯಲ್ಲಿ ಚಾಕು ಹಿಡಿಯುವವರ ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿ ಮಾತ್ರ ಒರಟಾಗಿ ಸೀಳಿದ್ದರೆ ಬೆಳ್ಳುಳ್ಳಿಯ ಮೇಲೆ ಅನುಮಾನ. ಎಸಳು ಒತ್ತಿ ಹಿಡಿಯುವುದು ಆ ಮೂರು ಬೆರಳುಗಳೇ. ತಮಾಷೆ ಎಂದರೆ ಬೆಳ್ಳುಳ್ಳಿಯ ಆ ರಸ ಹೆಚ್ಚಿನ ಗ್ಲೌಸುಗಳನ್ನು ದಾಟಿ ಒಳಗೆ ಬರುತ್ತದೆ. ಬಿಡಿಸುವ ಕೆಲಸ ಬೇರೆಯವರಿಗೆ ಕೊಡುವುದೇ ಸರಿ. ಹಸಿ ಮೀನು ಮುಟ್ಟಿದ, ಗೋಧಿ ಹಿಟ್ಟು ನಾದಿದ ಕೆಲವೇ ನಿಮಿಷದಲ್ಲಿ ತುರಿಕೆ ಎದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಗಾರೆ ಕೆಲಸದವರಿಗೆ ಸಿಮೆಂಟಿನ ಕ್ಷಾರ ಚರ್ಮ ತಿನ್ನುತ್ತದೆ, ಅದರೊಳಗಿನ ಕ್ರೋಮಿಯಂ ಅಲರ್ಜಿ ತರುತ್ತದೆ. ಯುರೋಪಿನ ಒಕ್ಕೂಟ 2005ರಿಂದ ಸಿಮೆಂಟಿನಲ್ಲಿ ಇದಕ್ಕೆ ಮಿತಿ ಹಾಕಿದೆ. ಕಪ್ಪು ಹೇರ್‌ಡೈಯಲ್ಲಿ ಪಿಪಿಡಿ ಎಂಬ ರಾಸಾಯನಿಕ. ಕಪ್ಪು ಮೆಹಂದಿಗೂ ಅದನ್ನೇ ಬೆರೆಸುತ್ತಾರೆ. ಗೇರುಬೀಜದ ಸಿಪ್ಪೆಯ ಎಣ್ಣೆ, ಮಾವಿನ ಸೊನೆ ಎರಡೂ ಕೈ ಸುಡುತ್ತವೆ. ಹೊಲದಲ್ಲಿ ಕಾಂಗ್ರೆಸ್ ಗಿಡ ಕೀಳುವವರಿಗೆ ಕೈಯ ಜತೆ ಮುಖ, ಕುತ್ತಿಗೆಗೂ ಬರುತ್ತದೆ.

ಅಲರ್ಜಿಯನ್ನು ಊಹೆಯಿಂದ ತೀರ್ಮಾನಿಸಬೇಡಿ. ಅದಕ್ಕೆ ಪ್ಯಾಚ್ ಟೆಸ್ಟ್ ಇದೆ. ಶಂಕೆಯ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ, ನಾಲ್ಕನೇ ದಿನ ಮತ್ತೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ. ಬೇಸಿಗೆಯಲ್ಲಿ ಕಷ್ಟವೇ.

4. ಕೈ ತೊಳೆಯುವುದು, ಗ್ಲೌಸ್ ಹಾಕುವುದು

ಉಂಗುರ ತೆಗೆದಿಡಿ. ಬಿಸಿನೀರು ಬೇಡ. ಬಿಸಿನೀರು ಹಾಕಿದಾಗ ತುರಿಕೆಗೆ ಹಾಯೆನಿಸುತ್ತದೆ, ಆದರೆ ಅರ್ಧ ಗಂಟೆಗೆ ಇನ್ನೂ ಒಣಗುತ್ತದೆ. ಸುವಾಸನೆಯಿಲ್ಲದ ಮೃದು ಕ್ಲೆನ್ಸರ್ ಸ್ವಲ್ಪವೇ ಸಾಕು. ಬೆರಳ ಸಂದಿ ಒತ್ತಿ ಒರೆಸಿ, ಉಜ್ಜಬೇಡಿ. ಕೈಯಲ್ಲಿ ಕೊಳೆ ಕಾಣದಿದ್ದರೆ ಸೋಪಿಗಿಂತ ಸ್ಯಾನಿಟೈಸರ್ ವಾಸಿ. ಸೀಳಿಗೆ ತಾಗಿದರೆ ಉರಿಯುತ್ತದೆ ನಿಜ, ಆದರೆ ಸೋಪಿನಷ್ಟು ಜಿಡ್ಡು ತೆಗೆಯುವುದಿಲ್ಲ. ಗ್ಲಿಸರಿನ್ ಇರುವುದನ್ನು ಆರಿಸಿ.

ಗ್ಲೌಸ್ ಒಳಗೆ ತೆಳು ಹತ್ತಿಯ ಗ್ಲೌಸ್ ಇರಲಿ. ಒಂದು ಸಲಕ್ಕೆ ಇಪ್ಪತ್ತು ನಿಮಿಷದ ಮೇಲೆ ಬೇಡ. ಬೆರಳಿನ ಕಡೆ ತೂತಾದ ಗ್ಲೌಸ್, ಹಾಕದೇ ಇದ್ದುದಕ್ಕಿಂತ ಕೆಟ್ಟದು, ಸೋಪಿನ ನೀರು ಒಳಗೇ ಕೂರುತ್ತದೆ. ನಿಂಬೆ, ಟೊಮೆಟೊ, ಹಸಿಮೆಣಸಿನಕಾಯಿ ಹೆಚ್ಚುವಾಗಲೂ ಹಾಕಿಕೊಳ್ಳಿ.

5. ಜಿಡ್ಡು ಹಚ್ಚಿ, ಎಷ್ಟು ಸಲ ಎಂದು ಕೇಳಬೇಡಿ

ತೊಳೆದಾಗಲೆಲ್ಲ. ಕೈ ಇನ್ನೂ ತುಸು ಹಸಿ ಇರುವಾಗಲೇ. ದುಬಾರಿಯದ್ದೇ ಬೇಕಿಲ್ಲ, ಸಾದಾ ಪೆಟ್ರೋಲಿಯಂ ಜೆಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಪಂಪಿನ ತೆಳು ಲೋಷನ್ನಿನಲ್ಲಿ ನೀರೇ ಜಾಸ್ತಿ. ಕೊಬ್ಬರಿ ಎಣ್ಣೆ ಕೆಟ್ಟದ್ದಲ್ಲ, ಬೇಗ ಒರೆಸಿಹೋಗುತ್ತದೆ ಅಷ್ಟೆ. ಸಿಂಕಿನ ಬಳಿ ಒಂದು ಡಬ್ಬಿ, ಟಿವಿ ಪಕ್ಕ ಒಂದು, ಬ್ಯಾಗಿನಲ್ಲಿ ಒಂದು ಇಡಿ. ಎದ್ದು ಹೋಗಿ ತರಬೇಕೆಂದರೆ ಯಾರೂ ಹಚ್ಚುವುದಿಲ್ಲ. ರಾತ್ರಿ ದಪ್ಪಗೆ ಹಚ್ಚಿ ಹತ್ತಿಯ ಗ್ಲೌಸ್ ಹಾಕಿ ಮಲಗಿ.

ನಿಂಬೆರಸ, ಬೇವಿನ ಅರೆತ, ಆಂಟಿಸೆಪ್ಟಿಕ್ ನೀರು ಇವೆಲ್ಲ ಸೀಳಿದ ಕೈಗೆ ಬೇಡವೇ ಬೇಡ. ಅರಿಸಿನಕ್ಕೂ ಕೆಲವರಿಗೆ ಅಲರ್ಜಿಯಾಗುತ್ತದೆ.

6. ಔಷಧಿ

ಊತ, ಕೆಂಪು, ತುರಿಕೆ ಇಳಿಸಲು ಸ್ಟಿರಾಯ್ಡ್ ಮುಲಾಮು ಬೇಕಾಗುತ್ತದೆ. ಹೆಸರು ಕೇಳಿ ಹೆದರಬೇಡಿ. ಅಂಗೈ ಚರ್ಮ ದಪ್ಪ, ಹಾಗಾಗಿ ಕೈಗೆ ಜೋರಿನದನ್ನೇ ಬರೆಯುವುದುಂಟು. ಎಷ್ಟು ಹಚ್ಚಬೇಕು? ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಎರಡೂ ಬದಿಗೆ ಅಷ್ಟು ಸಾಕು. ಎರಡೂ ಕೈಗೆ ದಿನಕ್ಕೊಮ್ಮೆ ಎಂದರೆ 15 ಗ್ರಾಂ ಟ್ಯೂಬು ಎರಡು ವಾರ ಬರಬೇಕು. ನಿಮ್ಮ ಟ್ಯೂಬು ಆರು ತಿಂಗಳು ಬಂದಿದೆ ಎಂದರೆ ನೀವು ಹಚ್ಚುತ್ತಲೇ ಇಲ್ಲ. ಎಷ್ಟು ವಾರ, ಹೇಗೆ ಇಳಿಸುವುದು ಎನ್ನುವುದನ್ನು ಡಾಕ್ಟರೇ ಹೇಳಬೇಕು.

ಮೆಡಿಕಲ್ ಶಾಪಿನಲ್ಲಿ ಕೈ ತೋರಿಸಿ ‘ಏನಾದ್ರೂ ಕೊಡಿ’ ಎಂದರೆ ಸ್ಟಿರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರೂ ಕಲಸಿದ ಟ್ಯೂಬು ಕೈಗೆ ಬರುವುದೇ ಹೆಚ್ಚು. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ಮೊದಲು ತುರಿಕೆ ಹೋಗಿ, ಆಮೇಲೆ ರೋಗ ಇನ್ನಷ್ಟು ಹಬ್ಬುತ್ತದೆ. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ಕೇಂದ್ರ ಸರ್ಕಾರ 2018ರಲ್ಲೇ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ. ಮಾರಾಟ ನಿಂತಿಲ್ಲ.

ಸ್ಟಿರಾಯ್ಡ್ ಹೆಚ್ಚು ದಿನ ಬೇಡವೆನಿಸಿದರೆ ಟ್ಯಾಕ್ರೊಲಿಮಸ್ ಮುಲಾಮು ಇದೆ. ಹಳೆಯ ಇಸುಬಿಗೆ ಅಲ್ಟ್ರಾವಯಲೆಟ್ ಬೆಳಕಿನ ಚಿಕಿತ್ಸೆ, ಕೊನೆಗೆ ಮಾತ್ರೆಗಳು. ಕೈಯ ದೀರ್ಘಕಾಲದ ಇಸುಬಿಗೆಂದೇ ಬಂದ ಡೆಲ್ಗೊಸಿಟಿನಿಬ್ ಎಂಬ ಕ್ರೀಮಿಗೆ 2024ರಲ್ಲಿ ಯುರೋಪು, 2025ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿವೆ. ಕೀವು, ಹಳದಿ ಹೊಪ್ಪಳೆ, ಜ್ವರ, ಕೈ ಬಾವು ಕಂಡರೆ ಸೋಂಕು ತಗುಲಿದೆ ಎಂದರ್ಥ, ಅವತ್ತೇ ಡಾಕ್ಟರ ಹತ್ತಿರ ಹೋಗಿ.

7. ವಾಸಿಯಾದ ಮೇಲೆ

ಕೈ ನುಣುಪಾಗಿ ಕಂಡ ಮರುದಿನವೇ ಸೋಪಿನ ಬಿಲ್ಲೆ ಹಿಡಿಯಬೇಡಿ. ಹೊರಗೆ ಸರಿಹೋದಂತೆ ಕಂಡರೂ ಚರ್ಮ ಮೊದಲಿನ ಗಟ್ಟಿತನಕ್ಕೆ ಬರಲು ಹಲವು ತಿಂಗಳು ಬೇಕು. ಅಲ್ಲಿಯವರೆಗೆ ಜೆಲ್ಲಿ, ಗ್ಲೌಸ್, ಚೀಟಿಯ ಗೀಟು ಮೂರೂ ಇರಲಿ.

ಮನೆಗೆ ಬಂದು ಪಾತ್ರೆ ತೊಳೆಯುವವರ ಕೈಯನ್ನೂ ಒಮ್ಮೆ ನೋಡಿ. ಅವರ ಅಳತೆಗೆ ಸರಿಯಾದ ಎರಡು ಜೊತೆ ಗ್ಲೌಸ್, ಹಿಡಿಕೆಯ ಬ್ರಷ್, ಸಿಂಕಿನ ಪಕ್ಕ ಒಂದು ಡಬ್ಬಿ ಜೆಲ್ಲಿ ಇಡಿ. ಕೈ ಸೀಳಿ ರಕ್ತ ಬರುತ್ತಿದ್ದರೆ ಎರಡು ವಾರ ಪಾತ್ರೆ ಬಿಡಿಸಿ, ಗುಡಿಸುವ ಕೆಲಸವಷ್ಟೇ ಮಾಡಿಸಿ. ಸಂಬಳ ಹಿಡಿಯಬೇಡಿ. ಅವರು ಹೋಗುವ ಉಳಿದ ಮನೆಯವರಿಗೂ ನೀವೇ ಒಂದು ಫೋನ್ ಮಾಡಿ ಹೇಳಿ.