ಎದುರು ಗಾಳಿ ಬೆಳಗ್ಗೆಯೇ ಮುಗಿಸಿಬಿಟ್ಟೆ

ಉತ್ತರೆ ಮಳೆ ಹುಟ್ಟಿದ್ದ ವಾರ ಒಬ್ಬನೇ ಸೈಕಲ್ ಹತ್ತಿದೆ. ಚಳ್ಳಕೆರೆಯಿಂದ ಚಿತ್ರದುರ್ಗ, ಅಲ್ಲಿಂದ ಹಿರಿಯೂರು, ಮತ್ತೆ ಚಳ್ಳಕೆರೆ. ಸುಮಾರು 115 ಕಿ.ಮೀ. ಸುತ್ತು. ನಮ್ಮ ಕಡೆ ತುಳಿಯೋರು ಮಳೆಗೆ, ಬಿಸಿಲಿಗೆ ಹೆದರುತ್ತಾರೆ. ನನಗೆ ಲೆಕ್ಕ ಹಾಕಬೇಕಾಗಿದ್ದು ಗಾಳಿಯದ್ದು. ಪಶ್ಚಿಮ ಘಟ್ಟ ಮಳೆಯನ್ನೆಲ್ಲ ಅಲ್ಲೇ ಇಳಿಸಿಕೊಂಡು ನಮಗೆ ಬರೀ ಗಾಳಿ ಕಳಿಸುತ್ತೆ, ಅದಕ್ಕೇ ಅಲ್ವಾ ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಕರೆಂಟ್ ತೆಗೆಯೋ ಗಾಳಿ ಫ್ಯಾನ್ ನಿಂತಿರೋದು.

ಆ ಗಾಳಿ ಪಡುವಲಿಂದ ಬರುತ್ತೆ, ಬಿಸಿಲೇರಿದಂತೆ ಜೋರಾಗುತ್ತೆ. ಹಾಗಾಗಿ ಪಡುವಲಿಗೆ ಹೋಗುವ ದುರ್ಗದ 30 ಕಿ.ಮೀ. ಮೊದಲು ಇಟ್ಟುಕೊಂಡೆ. ಐದೂವರೆಗೆ ಹೊರಟು ಏಳೂವರೆ ಒಳಗೆ ದುರ್ಗ ಮುಟ್ಟಿದೆ. ಹಿಂದೊಮ್ಮೆ ಇದೇ ಸುತ್ತನ್ನು ತಿರುಗಾ ಮುರುಗಾ ಮಾಡಿ, ಮಧ್ಯಾಹ್ನ ಮೂರಕ್ಕೆ ಹಿರಿಯೂರಿಂದ ದುರ್ಗದ ಕಡೆ ಹೊರಟು, ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗಿ ಬಂದಿತ್ತು. ಇನ್ನೊಂದು ವಿಷಯ, ಫ್ಯಾನಿನ ಮುಖ ಯಾವ ಕಡೆ ಇದೆ ನೋಡಿ, ಗಾಳಿ ಅಲ್ಲಿಂದಲೇ ಬರುತ್ತಿರುತ್ತೆ. ಹೈವೇಯಲ್ಲಿ ನಾನು ಅದನ್ನು ನೋಡಿಕೊಂಡೇ ತುಳಿಯುತ್ತೇನೆ.

ದುರ್ಗದಲ್ಲಿ ಇಡ್ಲಿ ತಿಂದು, ಮೂರು ಲೀಟರ್ ನೀರು ತುಂಬಿಸಿಕೊಂಡೆ. ಒಂದು ಬಾಟಲಿಗೆ ಉಪ್ಪು, ನಿಂಬೆಹಣ್ಣು. ಐಮಂಗಲ ದಾಟಿ ಹಿರಿಯೂರಿನ ತನಕ ಗಾಳಿ ಬೆನ್ನಿಗಿತ್ತು, ಹೇಳೋಕೆ ಜಾಸ್ತಿ ಏನಿಲ್ಲ. ಮಾರಿಕಣಿವೆಗೆ, ಅಂದ್ರೆ ವಾಣಿವಿಲಾಸ ಸಾಗರ ಡ್ಯಾಮಿಗೆ, ಹೋಗಿ ಬರೋ ಆಸೆ ಇತ್ತು. 1933ರಲ್ಲಿ ಕೋಡಿ ಬಿದ್ದ ಡ್ಯಾಮು ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ನಮ್ಮ ಸೀಮೆಯ ಮಳೆ ಅಂದ್ರೆ ಅಷ್ಟು. ಆದರೆ ಮೂಡಲಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು. ಕಣಿವೆ ಬಿಟ್ಟು ಚಳ್ಳಕೆರೆ ರಸ್ತೆ ಹಿಡಿದೆ.

ಹರ್ತಿಕೋಟೆ ಹತ್ತಿರ ರಸ್ತೆ ಬದಿ ಕುರಿ ಬಿಟ್ಟುಕೊಂಡು ಕಂಬಳಿ ಹೊದ್ದು ನಿಂತಿದ್ದ ಅಜ್ಜನನ್ನು ಕೇಳಿದೆ, "ಅಜ್ಜಾ, ಬರುತ್ತಾ ಇದು?"

"ಗಾಳಿ ತಣ್ಣಗಾತು ಅಂದ್ರೆ ಬಂತು ಅಂತ ತಿಳ್ಕಳಪ್ಪಾ. ಅಲ್ಲೀತನ ಹೋಗು."

ಎರಡು ಕಿ.ಮೀ. ಹೋಗಿರಲಿಲ್ಲ, ಅಷ್ಟೊತ್ತೂ ಎಡಗೆನ್ನೆಗೆ ಬಿಸಿಯಾಗಿ ಬೀಸುತ್ತಿದ್ದ ಗಾಳಿ ನಿಂತೇಹೋಯಿತು. ಆಮೇಲೆ ಬಲಗಡೆಯಿಂದ ತಣ್ಣಗೆ ನುಗ್ಗಿತು. ಮಳೆ ಸುರಿಯುತ್ತಿರುವ ಮೋಡದಿಂದ ಕೆಳಗಿಳಿದ ತಂಪು ಗಾಳಿ ಮುಂದೆ ಓಡಿಬರುತ್ತೆ, ಮಳೆ ಅದರ ಹಿಂದೆ. ಗುಡುಗು ಶುರುವಾಗಿತ್ತು. ಬಯಲಲ್ಲಿ ಒಂಟಿ ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಸಿಡಿಲಿನ ಹೊತ್ತಲ್ಲಿ ಮರದ ಕೆಳಗೆ ನಾನು ಯಾವತ್ತೂ ನಿಲ್ಲೋದಿಲ್ಲ. ನೂರು ಮಾರು ದೂರದಲ್ಲಿ ಪಂಪ್‌ಸೆಟ್ ಮನೆ ಕಂಡಿತು, ಹೊಲದ ದಾರಿಗೆ ಸೈಕಲ್ ಇಳಿಸಿದೆ.

ಇಪ್ಪತ್ತು ನಿಮಿಷ ಹುಯ್ದು ನಿಂತಿತು. ಕಷ್ಟ ಬಂದಿದ್ದು ಆಮೇಲೆ. ಅದು ಎರೆ ಹೊಲ, ಅಂಟೋ ಕಪ್ಪು ಮಣ್ಣು. ಹತ್ತು ಹೆಜ್ಜೆ ತಳ್ಳುವಷ್ಟರಲ್ಲಿ ಮಣ್ಣು ಟೈರಿಗೆ ಸುತ್ತಿಕೊಂಡು, ಬ್ರೇಕಿಗೂ ಮಡ್‌ಗಾರ್ಡಿಗೂ ಗಿಡಿದುಕೊಂಡು ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಲ್ಲಿ ಕೆರೆದೆ, ಮತ್ತೆ ಹತ್ತಿತು. ಕೊನೆಗೆ ಹೆಗಲ ಮೇಲೆ ಹೊತ್ತುಕೊಂಡೇ ರಸ್ತೆಗೆ ಬಂದೆ. ಇಳಿಯುವ ಮೊದಲು ಮಣ್ಣಿನ ಬಣ್ಣ ನೋಡಬೇಕಿತ್ತು, ಸೈಕಲ್ಲನ್ನು ರಸ್ತೆ ಬದಿಯೇ ಬಿಟ್ಟು ಓಡಬೇಕಿತ್ತು.

ರಸ್ತೆಗೆ ಬಂದರೆ ಹಿಂದಿನ ಚಕ್ರ ಮೆತ್ತಗಿತ್ತು. ನೆಗ್ಗಿಲು ಮುಳ್ಳು. ಇಲ್ಲಿ ಪಂಕ್ಚರ್ ಆದಾಗ ಸುಮ್ನೆ ಹೊಸ ಟ್ಯೂಬ್ ಹಾಕಿದರೆ ಅರ್ಧ ಗಂಟೆಗೆ ಅದೂ ಹೋಗುತ್ತೆ. ಟೈರಿನ ಒಳಗೆ ಬೆರಳ ತುದಿಯನ್ನು ನಿಧಾನವಾಗಿ, ಪೂರ್ತಿ ಒಂದು ಸುತ್ತು ಆಡಿಸಬೇಕು. ಎರಡು ಕಡೆ ಚುಚ್ಚಿತು. ಒಂದನ್ನು ಹೊರಗಿನಿಂದ ಕಿತ್ತೆ. ಇನ್ನೊಂದರ ತಲೆ ಮುರಿದು ಬರೀ ಮೊನೆ ಉಳಿದಿತ್ತು, ಉಗುರು ಕತ್ತರಿಯಲ್ಲಿ ಹಿಡಿದು ಒಳಗಿನಿಂದ ಎಳೆದೆ.

ಸಾಣಿಕೆರೆ ಬರುವಷ್ಟರಲ್ಲಿ ರಸ್ತೆ ಒಣಗಿತ್ತು. ಒಣಗಿದ್ದಲ್ಲ, ಅಲ್ಲಿ ಮಳೆಯೇ ಬಂದಿರಲಿಲ್ಲ. ಚಳ್ಳಕೆರೆಯಲ್ಲೂ ಅಷ್ಟೇ.

ಮನೆ ಮುಂದೆ ಸೈಕಲ್ ತೊಳೆಯುತ್ತಿದ್ದೆ. ಅಪ್ಪ ಬಂದು ಮಡ್‌ಗಾರ್ಡಿನಿಂದ ಒಂದು ಹೆಂಟೆ ಎರೆ ಮಣ್ಣು ಕಿತ್ತು ಬೆರಳಲ್ಲಿ ಅದುಮಿ ನೋಡಿದರು. ನಮ್ಮ ಶೇಂಗಾ ಕಾಯಿ ಕಟ್ಟುವ ಹೊತ್ತು ಅದು.

"ಎಲ್ಲೋ ಹುಯ್ದಿದ್ದು?"

"ಹರ್ತಿಕೋಟೆ ಹತ್ರ ಅಪ್ಪಾ."

"ಸಾಣಿಕೆರೆ ಈಚೆಗೆ ಬರಲಿಲ್ವಾ?"