ಎಸ್ಕಾಫ್ಲೋನೆ ಸಿನಿಮಾ ನೋಡುವುದು ಹೇಗೆ: ಸರಣಿಯನ್ನು ಪ್ರೀತಿಸಿದವರಿಗೆ

'ಎಸ್ಕಾಫ್ಲೋನೆ' ಅನ್ನುವ ಜಪಾನಿ ಅನಿಮೆ (ಕಾರ್ಟೂನ್) ಟಿವಿ ಸರಣಿಯನ್ನು ಮನಸಾರೆ ಮೆಚ್ಚಿದವರು ಅದರ ಸಿನಿಮಾ ನೋಡಿ ಎದ್ದಾಗ ಹೆಚ್ಚಾಗಿ ಹೇಳುವುದು ಒಂದೇ ಮಾತು: 'ಇವಳು ನಮ್ಮ ಹಿತೋಮಿ ಅಲ್ಲ.' ಹಿತೋಮಿ ಅಂದರೆ ಕಥೆಯ ನಾಯಕಿ, ಶಾಲೆಗೆ ಹೋಗುವ ಹುಡುಗಿ. ಮಾತು ಸರಿಯೇ. ಆದರೆ ಅಲ್ಲಿಗೇ ನಿಲ್ಲಿಸಿದರೆ ಬೇಜಾರು ಮಾತ್ರ ಉಳಿಯುತ್ತದೆ. ಸಿನಿಮಾ ಎಲ್ಲಿ ಸೋತಿತು ಅಂತ ಬೆರಳಿಟ್ಟು ತೋರಿಸಲು ಕಲಿತರೆ, ಸರಣಿ ಎಲ್ಲಿ ಗೆದ್ದಿತ್ತು ಅನ್ನುವುದೂ ತಿಳಿಯುತ್ತದೆ. ನಾನು ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ನಡುವೆ ಕಥೆಯ ಗುಟ್ಟುಗಳು ಬಯಲಾಗುತ್ತವೆ. ಸರಣಿ ನೋಡದವರು ಮೊದಲು ಅದನ್ನು ನೋಡಿ ಬನ್ನಿ.

ಸರಣಿ ಬಂದದ್ದು 1996ರಲ್ಲಿ, 26 ಕಂತು. ಸಿನಿಮಾ ಬಂದದ್ದು 2000ದಲ್ಲಿ. ನಿರ್ದೇಶಕರು ಎರಡಕ್ಕೂ ಒಬ್ಬರೇ, ಕಜುಕಿ ಅಕಾನೆ. ಸಂಗೀತ ಎರಡರಲ್ಲೂ ಯೋಕೋ ಕಾನ್ನೊ ಮತ್ತು ಹಾಜಿಮೆ ಮಿಝೊಗುಚಿ ಅವರದು. ಹಿತೋಮಿಯ ದನಿ ಎರಡರಲ್ಲೂ ಮಾಯಾ ಸಕಾಮೊಟೊ. ಅಂದರೆ ಕಥೆ ಗೊತ್ತಿಲ್ಲದ ಹೊರಗಿನವರು ಯಾರೋ ಬಂದು ಕೆಡಿಸಿದರು ಅಂತ ಹೇಳುವ ಹಾಗಿಲ್ಲ. ಸರಣಿ ಕಟ್ಟಿದ ಕೈಗಳೇ ಸಿನಿಮಾವನ್ನೂ ಕಟ್ಟಿವೆ. ನನಗೆ ಈ ಸಿನಿಮಾ ಕಾಡುವುದು ಅದಕ್ಕೇ.

ಮೊದಲನೆಯದಾಗಿ, ಸರಣಿ ಮುಗಿಸಿದ ರಾತ್ರಿಯೇ ಸಿನಿಮಾ ಹಾಕಬೇಡಿ. ಕೆಲವು ವಾರ ಬಿಡಿ. ಸರಣಿ ತಲೆಯಲ್ಲಿ ಬಿಸಿಯಾಗಿರುವಾಗ ಕೂತರೆ ಪ್ರತಿ ದೃಶ್ಯದಲ್ಲೂ 'ಅದೆಲ್ಲಿ, ಇದೆಲ್ಲಿ' ಅಂತ ಹುಡುಕುತ್ತೀರಿ. ಶತ್ರು ಪಡೆಯ ದಿಲಾಂದೌಗೆ ಯಾಕೆ ಇಷ್ಟು ಕಡಿಮೆ ಜಾಗ, ರಾಜಕುಮಾರಿ ಮಿಲೆರ್ನಾ ಯಾಕೆ ಕತ್ತಿ ಹಿಡಿದಿದ್ದಾಳೆ ಅಂತ ಎಣಿಸುವುದರಲ್ಲೇ ಒಂದೂವರೆ ಗಂಟೆ ಕಳೆದುಹೋಗುತ್ತದೆ. ಆ ಪಟ್ಟಿ ಎಷ್ಟು ಉದ್ದವಾದರೂ ಸಿನಿಮಾ ಯಾಕೆ ಮನಸ್ಸಿಗೆ ತಾಗಲಿಲ್ಲ ಅನ್ನುವುದನ್ನು ಹೇಳುವುದಿಲ್ಲ.

ಕೂರುವ ಮೊದಲು ಇನ್ನೊಂದು ವಿಷಯ ಗೊತ್ತುಮಾಡಿಕೊಳ್ಳಿ: ಇದು ಯಾವ ಜಾತಿಯ ಸಿನಿಮಾ? ಟಿವಿ ಸರಣಿಯಿಂದ ಸಿನಿಮಾ ಮಾಡುವ ದಾರಿ ಒಂದಲ್ಲ. 1979ರ 'ಗುಂಡಮ್' ಸರಣಿಯ 43 ಕಂತುಗಳನ್ನು ಕತ್ತರಿಸಿ ಜೋಡಿಸಿ, ಕೆಲವು ದೃಶ್ಯಗಳನ್ನು ಹೊಸದಾಗಿ ಚಿತ್ರಿಸಿ ಸೇರಿಸಿ, 1981 ಮತ್ತು 1982ರಲ್ಲಿ ಮೂರು ಸಿನಿಮಾ ಮಾಡಿದರು. ಅದು ಸಂಗ್ರಹ. ಸರಣಿಯ ಅದೇ ಕಥೆಯನ್ನು ಮೊದಲಿನಿಂದ ಹೊಸ ಚಿತ್ರಗಳಲ್ಲಿ ಹೇಳುವುದು ಇನ್ನೊಂದು ದಾರಿ. 1984ರ 'ಮ್ಯಾಕ್ರಾಸ್' ಸಿನಿಮಾ ಆ ಥರದ್ದು. ಮೂರನೆಯದು, ಹೆಸರುಗಳನ್ನೂ ಲೋಕವನ್ನೂ ಇಟ್ಟುಕೊಂಡು ಬೇರೆ ಕಥೆಯನ್ನೇ ಹೇಳುವುದು. ಎಸ್ಕಾಫ್ಲೋನೆ ಈ ಮೂರನೆಯ ಗುಂಪಿಗೆ ಸೇರಿದ್ದು. ಸಂಗ್ರಹವನ್ನು 'ಏನು ಬಿಟ್ಟರು' ಅಂತ ಕೇಳಬಹುದು. ಇದನ್ನು 'ಬದಲಿಗೆ ಏನು ಕೊಟ್ಟರು' ಅಂತ ಕೇಳಬೇಕು.

ಈಗ ಸಿನಿಮಾ ಹಾಕಿ. ಮೊದಲ ಸಲ ಎಲ್ಲೂ ನಿಲ್ಲಿಸದೆ, ಏನೂ ಬರೆದುಕೊಳ್ಳದೆ ನೋಡಿ. ಚೆನ್ನಾಗಿರುವುದನ್ನು ಚೆನ್ನಾಗಿದೆ ಅಂತ ಒಪ್ಪಿಕೊಳ್ಳಿ. ಮೊದಲ ದೃಶ್ಯದಲ್ಲಿ ಕಥೆಯ ನಾಯಕ ವಾನ್ ಒಬ್ಬನೇ ಹಾರುವ ಹಡಗಿಗೆ ನುಗ್ಗಿ ಎಲ್ಲರನ್ನೂ ಕಡಿದು ಮುಗಿಸುತ್ತಾನಲ್ಲ, ಅಷ್ಟು ತೂಕದ ಕತ್ತಿ ಕಾಳಗ ಸರಣಿಯಲ್ಲಿ ಇಲ್ಲವೇ ಇಲ್ಲ. ವಾನ್ ಒಳಗೆ ಕೂತು ಕಾದುವ ದೈತ್ಯ ಯಂತ್ರಕವಚ, ಅಂದರೆ ಎಸ್ಕಾಫ್ಲೋನೆ, ಲೋಹದ ಹಾಗಲ್ಲ, ಜೀವ ಇರುವ ಮೃಗದ ಹಾಗೆ ಕಾಣುತ್ತದೆ. ಅದು ವಾನ್‌ನ ರಕ್ತ ಹೀರುವುದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ನೊಬುತೆರು ಯೂಕಿ ಬರೆದ ಮುಖಗಳೂ ಬದಲಾಗಿವೆ. ಸರಣಿಯ ಉದ್ದ ಚೂಪು ಮೂಗುಗಳು ಹೋಗಿ ಮುಖಗಳು ಮೆದುವಾಗಿವೆ. ಯೂರೋಪಿನ ಹಳೆಯ ಕೋಟೆಗಳ ಛಾಯೆ ಕಡಿಮೆಯಾಗಿ, ಕಥೆ ನಡೆಯುವ ಗಾಯಾ ಅನ್ನುವ ಬೇರೆ ಲೋಕಕ್ಕೆ ಏಷ್ಯಾದ ಬಣ್ಣ ಜಾಸ್ತಿ ಬಂದಿದೆ. ಕೊನೆಯಲ್ಲಿ ಬರುವ 'ಯುಬಿವಾ' ಹಾಡನ್ನಂತೂ ಪೂರ್ತಿ ಕೇಳಿಯೇ ಏಳಿ.

ಎರಡನೇ ಸಲ ನೋಡುವಾಗ ನೋಟ್‌ಬುಕ್ ತೆಗೆಯಿರಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಸರಣಿ, ಬಲಕ್ಕೆ ಸಿನಿಮಾ ಅಂತ ಬರೆಯಿರಿ. ಘಟನೆಗಳನ್ನು ಬರೆಯಬೇಡಿ. ಒಬ್ಬೊಬ್ಬರ ಹೆಸರಿನ ಮುಂದೆ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಇವರಿಗೆ ಬೇಕಾಗಿರುವುದು ಏನು?

ನನ್ನ ಪುಟದಲ್ಲಿ ಹಿತೋಮಿಯ ಎಡಗಡೆ ಜಾಗ ಸಾಲದೆ ಕೆಳಗಿನ ಸಾಲುಗಳಿಗೂ ಇಳಿಯಿತು. ಮೊದಲ ಕಂತಿನಲ್ಲಿ ಅವಳಿಗೆ ಬೇಕಾಗಿರುವುದು ಅಮಾನೊ ಅನ್ನುವ ಹುಡುಗನ ಗಮನ. ನೂರು ಮೀಟರನ್ನು 13 ಸೆಕೆಂಡಿನೊಳಗೆ ಓಡಿದರೆ ತನ್ನ ಮೊದಲ ಮುತ್ತು ಅವನದಾಗಬೇಕು ಅಂತ ಕೇಳುವಷ್ಟು ಧೈರ್ಯ ಅವಳದು. ಗಾಯಾಕ್ಕೆ ಹೋದ ಮೇಲೆ ಮನೆಗೆ ವಾಪಸ್ ಹೋಗಬೇಕು. ಆಮೇಲೆ ಅಲೆನ್ ಅನ್ನುವ ಯೋಧ ಬೇಕು. ಆಮೇಲೆ ವಾನ್ ಬದುಕಿರಬೇಕು. ತನಗೆ ಕಾಣುವ ಭವಿಷ್ಯಕ್ಕೆ ಅವಳು ಹೆದರುತ್ತಾಳೆ, ಆ ಹೆದರಿಕೆಯೇ ಕೆಟ್ಟದ್ದನ್ನು ಎಳೆದು ತರುತ್ತಿದೆಯಾ ಅಂತ ನಡುಗುತ್ತಾಳೆ. ಒಮ್ಮೆಯಂತೂ ಭವಿಷ್ಯ ನೋಡುವ ಟ್ಯಾರೋ ಎಲೆಗಳು ಹೇಳಿದ್ದನ್ನು ಮಿಲೆರ್ನಾಗೆ ಬೇಕೆಂದೇ ಸುಳ್ಳು ಮಾಡಿ ಹೇಳುತ್ತಾಳೆ, ತನಗೂ ಅಲೆನ್ ಮೇಲೆ ಮನಸ್ಸಿದೆ ಅನ್ನುವ ಒಂದೇ ಕಾರಣಕ್ಕೆ. ಒಳ್ಳೆಯ ಹುಡುಗಿ ಹೀಗೂ ಮಾಡಬಲ್ಲಳು ಅಂತ ತೋರಿಸುವ ಧೈರ್ಯ ಆ ಸರಣಿಗಿತ್ತು.

ಬಲಗಡೆ ಒಂದೇ ಸಾಲು: ಮಾಯವಾಗಿ ಹೋಗಬೇಕು. ಸಿನಿಮಾದ ಹಿತೋಮಿಗೆ ಯಾವುದರಲ್ಲೂ ಆಸೆ ಇಲ್ಲ. ಕ್ಲಾಸಿಗೆ ಹೋಗುವ ಮನಸ್ಸಿಲ್ಲ, ಗೆಳತಿ ಯುಕಾರಿಯ ಜೊತೆಗೂ ನೆಟ್ಟಗೆ ಮಾತಿಲ್ಲ. ಅವಳ ಆ ಬೇಸರವೇ ಅವಳನ್ನು ಗಾಯಾಕ್ಕೆ ಕರೆಯುತ್ತದೆ.

ಇಲ್ಲಿ ಆತುರ ಬೇಡ. ಲವಲವಿಕೆಯ ಓಟಗಾರ್ತಿಯ ಬದಲು ಬದುಕಿನಿಂದ ದಣಿದ ಹುಡುಗಿಯನ್ನು ಇಟ್ಟದ್ದು ತಪ್ಪಲ್ಲ. ನನಗೆ ಅದು ಒಳ್ಳೆಯ ಯೋಚನೆ ಅಂತಲೇ ಅನಿಸುತ್ತದೆ. ವಾನ್ ಕೂಡ ಎಲ್ಲವನ್ನೂ ಕಳೆದುಕೊಂಡವನು. ಬದುಕು ಬೇಡವಾದ ಇಬ್ಬರು ಒಬ್ಬರಿಗೊಬ್ಬರು ಸಿಗುತ್ತಾರೆ. ಇದರಲ್ಲಿ ದೊಡ್ಡ ಸಿನಿಮಾ ಇತ್ತು.

ಹಾಗಾದರೆ ಸೋತದ್ದೆಲ್ಲಿ? ಮೂರನೇ ಕೆಲಸ ಇದೇ. ಗಡಿಯಾರ ಪಕ್ಕದಲ್ಲಿಟ್ಟುಕೊಳ್ಳಿ. ಹಿತೋಮಿ ಮತ್ತು ವಾನ್ ಇಬ್ಬರೇ ಇರುವ, ಯುದ್ಧವಾಗಲೀ ಭವಿಷ್ಯವಾಣಿಯಾಗಲೀ ನಡುವೆ ಬಾರದ ದೃಶ್ಯಗಳನ್ನು ಮಾತ್ರ ಗುರುತು ಹಾಕಿ. ಎಷ್ಟು ಹೊತ್ತು ಆಗುತ್ತದೆ ಅಂತ ನೀವೇ ಕೂಡಿಸಿ. ಸಿಗುವುದು ತೀರಾ ಸ್ವಲ್ಪ. ಅವಳು ರೆಕ್ಕೆಯ ದೇವತೆ ಅಂತ ಎಲ್ಲರೂ ಹೇಳುತ್ತಾರೆ, ಅವರಿಬ್ಬರ ಒಂಟಿತನ ಒಂದೇ ಅಂತ ಮಾತಿನಲ್ಲಿ ಬರುತ್ತದೆ. ಆದರೆ ಅವಳಿಗೆ ಮತ್ತೆ ಬದುಕುವ ಆಸೆ ಹುಟ್ಟಿದ ಗಳಿಗೆ ಯಾವುದು? ನಾನು ಹಿಂದೆ ಮುಂದೆ ಓಡಿಸಿ ನೋಡಿದರೂ ಅದನ್ನು ತೋರಿಸುವ ದೃಶ್ಯ ಸಿಗುವುದಿಲ್ಲ. ಆಸೆಯೇ ಇಲ್ಲದವಳನ್ನು ಕಥೆಯ ನಡುವೆ ನಿಲ್ಲಿಸಿದ ಮೇಲೆ ಆ ಗಳಿಗೆಯೇ ಇಡೀ ಸಿನಿಮಾ, ಅಲ್ವಾ? ಅದಕ್ಕೇ ಸಮಯ ಕೊಡಲಿಲ್ಲ. ಆ ಸಮಯವೆಲ್ಲ ಅಲೆನ್, ಮೆರ್ಲ್, ಮಿಲೆರ್ನಾ, ಡ್ರೈಡೆನ್ ಅಂತ ಹಳೆಯ ಮುಖಗಳನ್ನು ಒಬ್ಬೊಬ್ಬರಾಗಿ ಕರೆತಂದು ತೋರಿಸುವುದಕ್ಕೆ ಹೋಯಿತು. ಸರಣಿಯ ಅಭಿಮಾನಿಗಳನ್ನು ಖುಷಿಪಡಿಸಲು ಹೋಗಿ ಹೊಸ ಕಥೆಯ ಹೊಟ್ಟೆಗೆ ಹೊಡೆದರು.

ಒಂದೂವರೆ ಗಂಟೆಯಲ್ಲಿ ಇಷ್ಟೇ ಆಗುವುದು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮ್ಯಾಕ್ರಾಸ್ ಸಿನಿಮಾ ನೋಡಿ. 36 ಕಂತಿನ ಕಥೆಯನ್ನು ಅದು ಸುಮಾರು ಎರಡು ಗಂಟೆಗೆ ಇಳಿಸಿದೆ. ಎಷ್ಟೋ ಪಾತ್ರಗಳು ನೆಪಮಾತ್ರಕ್ಕೆ ಬಂದು ಹೋಗುತ್ತವೆ. ಆದರೂ ಹಿಕಾರು ಮತ್ತು ಮಿಸಾ ಹಾಳಾದ ಭೂಮಿಯಲ್ಲಿ ಸಿಕ್ಕಿಬಿದ್ದಾಗ ಸಿನಿಮಾ ಓಟ ನಿಲ್ಲಿಸುತ್ತದೆ. ಯಾರೂ ಇಲ್ಲದ ಊರಿನಲ್ಲಿ ಅವರಿಬ್ಬರೂ ಅಲೆಯುತ್ತಾರೆ, ಮನೆಯ ಊಟದ ಮೇಜು ಸಿದ್ಧ ಮಾಡುತ್ತಾರೆ. ಅಷ್ಟರಲ್ಲಿ ಅವರ ನಡುವೆ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಆ ಸಿನಿಮಾವನ್ನು ನೊಬೊರು ಇಶಿಗುರೊ ಜೊತೆ ನಿರ್ದೇಶಿಸಿದವರು ಶೋಜಿ ಕವಾಮೊರಿ. ಎಸ್ಕಾಫ್ಲೋನೆಯ ಮೂಲ ಕಲ್ಪನೆ ಹುಟ್ಟಿದ್ದೂ ಅವರಿಂದಲೇ. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಗಡಿಯಾರದ ಲೆಕ್ಕ ಅದಕ್ಕೂ ಹಾಕಿ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಆಮೇಲೆ ಸರಣಿ ನೋಡದ ಯಾರನ್ನಾದರೂ ಕೇಳಿ. ನನ್ನ ತಂಗಿ ಸಿನಿಮಾವನ್ನೇ ಮೊದಲು ನೋಡಿದಳು. ಅವಳಿಗೆ ನಮ್ಮ ಹಾಗೆ ನೆನಪುಗಳ ಹೊರೆ ಇರಲಿಲ್ಲ. ಚಿತ್ರಗಳು ಅವಳಿಗೆ ತುಂಬಾ ಹಿಡಿಸಿದವು. ಕೊನೆಯಲ್ಲಿ ಅವಳು ಕೇಳಿದ್ದು ಒಂದೇ: 'ಅವಳಿಗೆ ಅವನು ಯಾವಾಗ ಇಷ್ಟ ಆದ?' ನನ್ನ ನೋಟ್‌ಬುಕ್ಕಿನ ಖಾಲಿ ಸಾಲು ಅದೇ. ಸರಣಿಯ ನೆನಪಿಲ್ಲದವರಿಗೂ ಅದೇ ಕೊರತೆ ಕಂಡರೆ, ದೂರು ನಿಮ್ಮ ಅಭಿಮಾನದ್ದಲ್ಲ, ಸಿನಿಮಾದ್ದೇ. ಕಾಣದಿದ್ದರೆ ಇನ್ನೊಮ್ಮೆ ಯೋಚಿಸಿ.

ಇದೇ ಬಗೆ ನಟರನ್ನಿಟ್ಟು ತೆಗೆದ ಸಿನಿಮಾಗಳಿಗೂ ನಡೆಯುತ್ತದೆ. 2015ರ 'ಅಟ್ಯಾಕ್ ಆನ್ ಟೈಟನ್' ಜಪಾನಿ ಸಿನಿಮಾದಲ್ಲಿ ಲೀವಾಯ್ ಅನ್ನುವ ಪಾತ್ರ ಇಲ್ಲ ಅಂತ ಎಲ್ಲರೂ ಸಿಟ್ಟಾದರು. ನಾನು ಅದಕ್ಕಿಂತ ನಾಯಕ ಏರೆನ್‌ನ ಸಾಲನ್ನು ನೋಡುತ್ತೇನೆ. ಸರಣಿಯಲ್ಲಿ ಟೈಟನ್, ಅಂದರೆ ಮನುಷ್ಯರನ್ನು ತಿನ್ನುವ ದೈತ್ಯ, ತನ್ನ ತಾಯಿಯನ್ನು ಕಣ್ಣೆದುರೇ ತಿನ್ನುವುದನ್ನು ಅವನು ನೋಡುತ್ತಾನೆ. ಅವನ ಹಟ ಹುಟ್ಟುವುದು ಅಲ್ಲಿ. ಸಿನಿಮಾದಲ್ಲಿ ಆ ದೃಶ್ಯವೇ ಇಲ್ಲ. ಬುಡ ತೆಗೆದ ಮೇಲೆ ಟೈಟನ್‌ಗಳು ಎಷ್ಟು ಭಯಂಕರವಾಗಿದ್ದರೂ ಹುಡುಗನ ಸಿಟ್ಟು ಸುಮ್ನೆ ಕೂಗಾಟವಾಗುತ್ತದೆ.

ಇನ್ನು ಬೇರೆಯವರಿಗೆ ಎಸ್ಕಾಫ್ಲೋನೆ ಪರಿಚಯಿಸುವುದಿದ್ದರೆ, ಸಿನಿಮಾ ಚಿಕ್ಕದು ಅಂತ ಅದನ್ನೇ ಮೊದಲು ಕೊಡಬೇಡಿ. ಒಂದೇ ಸಂಜೆ ಬಿಡುವಿದ್ದರೆ ಸರಣಿಯ ಮೊದಲ ಎರಡು ಕಂತು ಸಾಕು. ಓಟದ ಪಟ್ಟಿಯ ಮೇಲೆ ವಾನ್ ಬಂದು ಬೀಳುವುದು, ಡ್ರ್ಯಾಗನ್, ಬೆಳಕಿನ ಕಂಬ, ಆಮೇಲೆ ಅವನ ಪಟ್ಟಾಭಿಷೇಕದ ದಿನವೇ ಕಣ್ಣಿಗೆ ಕಾಣದ ಶತ್ರು ಬಂದು ಅವನ ರಾಜ್ಯ ಫಾನೇಲಿಯಾ ಸುಟ್ಟುಹೋಗುವುದು, ಎಲ್ಲವೂ ಅದರಲ್ಲಿ ಮುಗಿಯುತ್ತದೆ. ಜಪಾನಿ ದನಿಯಲ್ಲೇ ಹಾಕಿ, ಸಬ್‌ಟೈಟಲ್ ಇರಲಿ. ಶುರುವಿನ ಹಾಡನ್ನು ಓಡಿಸಬೇಡಿ. ಮೂರನೇ ಕಂತು ಹಾಕು ಅಂತ ಅವರೇ ಕೇಳಿದರೆ ಮುಂದುವರಿಸಿ, ಸಿನಿಮಾದ ಮಾತನ್ನು 26 ಮುಗಿದ ಮೇಲೆ ತೆಗೆಯಿರಿ.