ಕೊಡಲಿಗೆ ಎರಡು ಕಾವು

ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಸ್ಟೋರ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಉಕ್ಕಿನ ಸರಳುಗಳನ್ನು ತೂಗಿ, ತುದಿಗೆ ಬಣ್ಣ ಬಳಿದು, ಲೆಕ್ಕ ಬರೆದು ಒಳಗೆ ಕಳಿಸಿದ್ದೇನೆ. ಒಂದು ದಿನವೂ ಕಾಯಿಸಿ ಬಡಿದಿರಲಿಲ್ಲ. ಮೂರು ವರ್ಷದ ಹಿಂದೆ ತಾರಸಿಯ ಮೇಲೆ ಸಣ್ಣ ಕುಲುಮೆ ಹೂಡಿದ ಮೇಲೇ ಗೊತ್ತಾಗಿದ್ದು, ರಿಜಿಸ್ಟರಿನ ಉಕ್ಕೇ ಬೇರೆ, ಇಕ್ಕಳದ ತುದಿಯಲ್ಲಿರುವ ಉಕ್ಕೇ ಬೇರೆ ಅಂತ. ನಾಲ್ಕಾರು ಕೊಕ್ಕೆ, ಒಂದೆರಡು ಚಾಕು ಆದ ಮೇಲೆ ಟೊಮಹಾಕ್ ಮಾಡುವ ಹುಚ್ಚು ಹತ್ತಿತು. ಎರಡು ತಲೆ ಕೆಟ್ಟವು. ಮೂರನೆಯದು ನಿಂತಿತು.

ಟೊಮಹಾಕ್ ಅಂದರೆ ಉತ್ತರ ಅಮೆರಿಕದ ಮೂಲನಿವಾಸಿಗಳ ಕೈಗೊಡಲಿ. ಹೆಸರು ವರ್ಜೀನಿಯಾ ಕಡೆಯ ಅಲ್ಗಾಂಕಿಯನ್ ನುಡಿಯಿಂದ ಬಂದದ್ದು. ಮೊದಲು ಕಲ್ಲಿನ ತಲೆ ಇತ್ತು, ಯುರೋಪಿನ ವ್ಯಾಪಾರಿಗಳು ಬಂದ ಮೇಲೆ ಕಬ್ಬಿಣದ್ದಾಯಿತು. ತಲೆ ಅರ್ಧ ಕೆಜಿ ಆಸುಪಾಸು, ಹಿಡಿ ಒಂದೂವರೆ ಅಡಿ. ನನಗೆ ಹಿಡಿಸಿದ್ದು ಅದರ ಕಣ್ಣು, ಅಂದರೆ ಹಿಡಿ ತೂರಿಸುವ ತೂತು. ನಮ್ಮ ಪಿಕಾಸಿಯ ಹಾಗೆ ಹಿಡಿಯನ್ನು ಮೇಲಿನಿಂದ ಇಳಿಬಿಡುತ್ತಾರೆ. ಮೇಲ್ತುದಿ ದಪ್ಪ, ಬೆಣೆ ಬೇಡ, ಬೀಸಿದಷ್ಟೂ ಬಿಗಿಯಾಗುತ್ತದೆ. ಕನ್ನಡದಲ್ಲಿ ಕೊಡಲಿಯ ಹಿಡಿಗೂ ಕಾವು, ಬಿಸಿಗೂ ಕಾವು. ನನಗೆ ಮರದ ಕಾವು ಒಂದೇ ದಿನದಲ್ಲಿ ಕೈಹತ್ತಿತು. ಬೆಂಕಿಯ ಕಾವು ಮಾತ್ರ ಒಂದು ವರ್ಷ ತಿಂದಿತು.

ಶುರು ಮಾಡುವ ಮುಂಚೆ ಒಂದು ಮಾತು. ಇದು ಬೆಂಗಳೂರು. ತಾರಸಿಯ ಮೇಲೆ ಠಣ್ ಠಣ್ ಕೇಳಿದ ಕೂಡಲೇ ಕೆಳಗಿನ ಮನೆಯವರು ಮೆಟ್ಟಿಲಲ್ಲಿ ನಿಲ್ಲಿಸಿ, "ಲಾಂಗು ಗೀಂಗು ಮಾಡ್ತಿದೀರಾ ಸಾರ್?" ಅಂದರು. ನಗುತ್ತಲೇ ಕೇಳಿದರು, ಆದರೂ ಪೂರ್ತಿ ತಮಾಷೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಆಯುಧಗಳನ್ನು ಹೆಸರಿಸುತ್ತವೆ, ಆ ಪಟ್ಟಿಯಲ್ಲಿ ಯುದ್ಧದ ಕೊಡಲಿಯೂ ಇದೆ. ಮನೆ, ಬೇಸಾಯ, ಕೈಗಾರಿಕೆಯ ಬಳಕೆಗೆಂದು ಮಾಡಿದವನ್ನು ಹೊರಗಿಟ್ಟಿದ್ದಾರೆ. ನಾನು ಮಾಡಲು ಹೊರಟದ್ದು ಸೌದೆ ಸೀಳುವ ಕೊಡಲಿ, ಬಾಯಿ ಎರಡೂಕಾಲು ಇಂಚು. ಆದರೂ ಅದನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ಮೆಜೆಸ್ಟಿಕ್ಕಿನಲ್ಲಿ ತಿರುಗುವ ಕೆಲಸ ಇಟ್ಟುಕೊಂಡಿಲ್ಲ.

ಕುಲುಮೆ ಅಂದರೆ ಲಾರಿಯ ಹಳೆಯ ಬ್ರೇಕ್ ಡ್ರಮ್ಮು, ಕೆಳಗೊಂದು ಪೈಪು, ತಿದಿಯ ಬದಲು ಹೇರ್ ಡ್ರೈಯರ್. ಇಸ್ತ್ರಿ ಅಂಗಡಿಯವರು ಕೊಳ್ಳುವ ಮಂಡಿಯಿಂದಲೇ ಮೂಟೆ ಇದ್ದಿಲು ತರುತ್ತೇನೆ. ಅಡಿಗಲ್ಲಿಗೆ ಗುಜರಿಯಲ್ಲಿ ರೈಲುಕಂಬಿಯ ತುಂಡು ಸಿಗುತ್ತದೆ, ಕೊಳ್ಳಬೇಡಿ. ರೈಲ್ವೆಯ ಸ್ವತ್ತು ಅಕ್ರಮವಾಗಿ ಇಟ್ಟುಕೊಂಡರೆ ಅದಕ್ಕೇ ಒಂದು ಕಾಯ್ದೆಯಿದೆ. ನನ್ನದು ನಾಲ್ಕಿಂಚು ಚೌಕದ, ಸುಮಾರು 20 ಕೆಜಿಯ ಇಎನ್8 ಅನ್ನುವ ದರ್ಜೆಯ ಉಕ್ಕಿನ ದಿಮ್ಮಿ, ಮರಳು ತುಂಬಿದ ಟಬ್ಬಿನಲ್ಲಿ ಹೂತ ನೀಲಗಿರಿ ಕೊರಡಿನ ಮೇಲೆ ಕೂತಿದೆ. ಮರಳಿನಿಂದ ಸದ್ದು ಅರ್ಧ ಇಳಿಯಿತು. ಸುತ್ತಲೂ ಮೂರಿಂಚು ಮರಳು ಹರಡಿದ್ದೇನೆ, ಕೆಂಡದಂಥ ಕಬ್ಬಿಣ ಬರೀ ಕಾಂಕ್ರೀಟಿನ ಮೇಲೆ ಬಿದ್ದರೆ ಅದು ಸಿಡಿಯುತ್ತದೆ. ಕೆಲಸ ಯಾವಾಗಲೂ ಹೊತ್ತು ಮುಳುಗಿದ ಮೇಲೆ. ಬಿಸಿಲಲ್ಲಿ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ.

ಮೊದಲ ತಲೆಗೆ ಲಾರಿಯ ಕಮಾನುಪಟ್ಟಿ ತಂದೆ. ಎಲ್ಲರೂ ಮೊದಲು ಮಾಡುವುದು ಇದನ್ನೇ: ಅಗ್ಗ, ಒಳ್ಳೆಯ ಸ್ಪ್ರಿಂಗ್ ಉಕ್ಕು. ಗ್ರೈಂಡರಿಗೆ ಹಿಡಿದು ನೋಡಿದೆ. ಮೈಲ್ಡ್ ಸ್ಟೀಲಿನ ಕಿಡಿ ಉದ್ದುದ್ದ ಗೆರೆಯಾಗಿ ಹೋಗಿ ಆರುತ್ತದೆ. ಇಂಗಾಲ ಹೆಚ್ಚಿದ್ದರೆ ಸುರುಸುರುಬತ್ತಿಯ ಹಾಗೆ ತುದಿಯಲ್ಲಿ ಕವಲೊಡೆದು ಹೂವಾಗುತ್ತದೆ. ಹೂವು ಚೆನ್ನಾಗಿಯೇ ಬಂತು. ಪಟ್ಟಿಯನ್ನು ಕಾಯಿಸಿ ಸರಳಿನ ಸುತ್ತ ಮಡಚಿ, ಎರಡು ರೆಕ್ಕೆಯ ನಡುವೆ ಬಿಳಿಗಾರ ಹಾಕಿ ಬೆಸೆಯಲು ಹೋದೆ. ಹೊರಗೆ ಅಂಟಿದಂತೆ ಕಂಡಿತು, ಒಳಗೆ ಅಂಟಿರಲಿಲ್ಲ. ಸಿಲಿಕಾನ್, ಕ್ರೋಮಿಯಂ ಸೇರಿದ ಸ್ಪ್ರಿಂಗ್ ಉಕ್ಕು ಅದರಷ್ಟಕ್ಕೇ ಸುಲಭವಾಗಿ ಬೆಸುಗೆಯಾಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಹಳ್ಳಿಯ ಕೊಡಲಿಗೆ ಮೈಯೆಲ್ಲ ಮೆತ್ತನೆ ಕಬ್ಬಿಣ ಮಡಚಿ, ಬಾಯಿಗೆ ಮಾತ್ರ ಉಕ್ಕು ಕೂರಿಸುತ್ತಿದ್ದದ್ದು ಬರೀ ಜಿಪುಣತನಕ್ಕಲ್ಲ. ಇಷ್ಟು ಸಾಲದು ಅಂತ ಅದನ್ನು ಬಕೆಟ್ ನೀರಿಗೆ ಅದ್ದಿದೆ. ಟಿಣ್ ಅಂತ ಸದ್ದು. ಬಾಯಿಯಿಂದ ಕಣ್ಣಿನವರೆಗೆ ಕೂದಲೆಳೆಯ ಬಿರುಕು. ಎಣ್ಣೆಯಲ್ಲಿ ಆರಬೇಕಾದ ಉಕ್ಕನ್ನು ನೀರಿಗೆ ಹಾಕಿದ ತಪ್ಪು ನನ್ನದು. ಆದರೆ ಆ ಪಟ್ಟಿ ಎಷ್ಟು ಲಕ್ಷ ಗುಂಡಿ ಕಂಡಿತ್ತೋ, ಬಿರುಕು ಮೊದಲೇ ಇತ್ತೋ ಏನೋ. ಗುಜರಿ ಉಕ್ಕಿನ ಕಷ್ಟವೇ ಇದು. ಕೆಟ್ಟಾಗ ಯಾರ ತಪ್ಪು ಅಂತ ಪತ್ತೆಯಾಗುವುದಿಲ್ಲ.

ಎರಡನೆಯ ಸಲ ಪೊಗರು ಬಂತು. ಸ್ಟೋರ್ಸಿನವನಲ್ಲವೇ, ಎಲ್ಲಕ್ಕಿಂತ ಒಳ್ಳೆಯದನ್ನೇ ತರುತ್ತೇನೆ ಅಂತ ಇಎನ್31ರ ತುಂಡೊಂದನ್ನು ದುಡ್ಡು ಕಟ್ಟಿ ತಂದೆ, ಬೇರಿಂಗ್ ಮಾಡುವ ಉಕ್ಕು. ಸುತ್ತಿಗೆಗೆ ಬಗ್ಗಲಿಲ್ಲ. ಬಗ್ಗಲಿ ಅಂತ ಇನ್ನೂ ಕಾಯಿಸಿದೆ, ಮೂಲೆ ಪುಡಿಯಾಗಿ ಉದುರಿತು. ಹೆದರಿ ಕಡಿಮೆ ಕಾಯಿಸಿದೆ, ಉಳಿಯ ಬಾಯಿ ಮಡಚಿಕೊಂಡಿತು. ಕೊನೆಗೆ ಕೆಂಪು ಆರುತ್ತಿರುವಾಗಲೂ ಹಟಕ್ಕೆ ಬಿದ್ದು ಬಡಿದೆ, ಕಣ್ಣಿನ ಮೂಲೆ ಸೀಳಿತು. 'ಕಾದಾಗ ಬಡಿ' ಅಂತ ಗಾದೆ ಮಾಡಿದವರು ಎಷ್ಟು ಕಾದಾಗ ಅನ್ನುವುದನ್ನು ಸೇರಿಸದೆ ಬಿಟ್ಟಿದ್ದಾರೆ.

ಅಮ್ಮನ ಊರು ಮಾಗಡಿ ಕಡೆ. ಅಲ್ಲಿ ಕುಳ ತಟ್ಟುತ್ತಿದ್ದ ಆಚಾರಿಯೊಬ್ಬರಿದ್ದಾರೆ, ಎಪ್ಪತ್ತು ದಾಟಿದೆ, ಈಗ ಬೆಂಕಿ ಹಚ್ಚುವುದೇ ಅಪರೂಪ. ಒಡೆದ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಹೋದೆ. ಅವರು ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡಿದರು. ಒಳಗೆ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿತ್ತು.

"ಬೆಂಕೀಲೇ ಮಲಗಿಸ್ಬಿಟ್ಟಿದೀಯ ಕಣಪ್ಪ. ಬೆಳ್ಳಗಾಗೋ ಗಂಟ ಕಾಯ್ಸುದ್ರೆ ಉಕ್ಕು ಬೂಂದಿ ಆಗೋಯ್ತದೆ. ಯಾವ ಉಕ್ಕು ಇದು?"

"ಇಎನ್31 ಅಂತ ಆಚಾರ್ರೇ. ಬಹಳ ಒಳ್ಳೇದು."

"ಒಳ್ಳೇದು ಸರಿ. ನಿನ್ ಕುಲುಮೆಗೆ ಗೊತ್ತಾ ಅದು?"

ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಇದನ್ನೇ ಯೋಚಿಸಿದೆ. ಇದೇ ಸೀಮೆಯಲ್ಲಿ ಹಿಂದೆ ಉಕ್ಕು ಕಾಯಿಸುತ್ತಿದ್ದರು. 1800ರಲ್ಲಿ ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನು ಬರೆದಿಟ್ಟಿದ್ದಾನೆ. ಅವರ ಬಳಿ ಥರ್ಮಾಮೀಟರೂ ಇರಲಿಲ್ಲ, ಟೆಸ್ಟ್ ಸರ್ಟಿಫಿಕೇಟೂ ಇರಲಿಲ್ಲ. ತಮ್ಮ ಬೆಂಕಿಗೆ ಒಗ್ಗುವ ಉಕ್ಕು ಯಾವುದೆಂದು ಮಾತ್ರ ಗೊತ್ತಿತ್ತು.

ನನ್ನ ಬೆಂಕಿಯ ಅಳತೆಗೋಲು ಎರಡೇ, ಕಣ್ಣು ಮತ್ತು ಆಯಸ್ಕಾಂತ. ಮೈಲ್ಡ್ ಸ್ಟೀಲಿನಲ್ಲಿ ಇಂಗಾಲ ಶೇ 0.2ರ ಆಸುಪಾಸು, ಎಷ್ಟು ಅದ್ದಿದರೂ ಬಾಯಿ ಗಡಸಾಗದು. ಇಎನ್8ರಲ್ಲಿ ಶೇ 0.4. ಇಎನ್31ರಲ್ಲಿ ಶೇ 1ರ ಹತ್ತಿರ, ಮೇಲೆ ಒಂದೂವರೆಯಷ್ಟು ಕ್ರೋಮಿಯಂ. ಅದನ್ನು ಹದಕ್ಕೆ ತರಲು ಹೇಳಿದ ಉಷ್ಣದಲ್ಲಿ ಹೇಳಿದಷ್ಟು ಹೊತ್ತು ಹಿಡಿದಿಡಬೇಕು, ಹೇರ್ ಡ್ರೈಯರಿನಿಂದ ಆಗುವ ಕೆಲಸವಲ್ಲ. ನಡುವೆ ಇಎನ್9 ಇದೆ, ಶೇ 0.5ರಿಂದ 0.6. ಮಿಶ್ರಲೋಹದ ರಗಳೆಯಿಲ್ಲ, ಬಡಿಯಲು ಕಾವಿನ ಅವಕಾಶ ಅಗಲ. ಕೊಡಲಿಗೆ ಚಾಕುವಿನಷ್ಟು ಗಡಸುತನ ಬೇಡವೇ ಬೇಡ, ಏಟು ತಿನ್ನುವ ತಾಕತ್ತು ಬೇಕು. ಸರ್ಟಿಫಿಕೇಟ್ ಇರುವ 32 ಮಿಮೀ ದುಂಡು ಸರಳಿನಿಂದ 100 ಮಿಮೀ ತುಂಡು ಕೊಯ್ಸಿದೆ. ತೂಕ 630 ಗ್ರಾಂ.

ಮೊದಲು ಕಣ್ಣಿನ ಜಾಗವನ್ನು ಕೊಂಚ ಚಪ್ಪಟೆ ಮಾಡಿ, ಪಂಚಿನಿಂದ ಚುಕ್ಕಿ ಹೊಡೆದುಕೊಂಡೆ. ಕೆಂಪಾದ ಮೇಲೆ ಸೀಮೆಸುಣ್ಣದ ಗೆರೆ ಕಾಣುವುದಿಲ್ಲ. ಚಪ್ಪಟೆ ಉಳಿಯಿಂದ ಒಂದು ಕಡೆಯಿಂದ ಅರ್ಧ, ಮಗುಚಿ ಇನ್ನೊಂದು ಕಡೆಯಿಂದ ಅರ್ಧ ಸೀಳಬೇಕು. ಉಳಿ ಒಳಗೇ ಕಚ್ಚಿಕೊಂಡರೆ ಅಲ್ಲಿಗೆ ಮುಗಿಯಿತು, ತೆಗೆಯುವಷ್ಟರಲ್ಲಿ ಅದರ ಹದವೂ ಹೋಗಿರುತ್ತದೆ. ಆಚಾರಿ ಹೇಳಿಕೊಟ್ಟ ಉಪಾಯ: ಎರಡೇಟು ಬಿದ್ದ ಮೇಲೆ ಸೀಳಿಗೆ ಒಂದು ಚಿಟಿಕೆ ಇದ್ದಿಲ ಪುಡಿ. ಪುಡಿ ಒಳಗೆ ಉರಿದು ಗಾಳಿಯಾಗಿ ಉಳಿಯನ್ನು ಮೇಲಕ್ಕೆ ನೂಕುತ್ತದೆ. ಮೂರೇಟಿಗೊಮ್ಮೆ ಉಳಿಯನ್ನು ನೀರಿಗೆ ಅದ್ದಬೇಕು. ಆಮೇಲೆ ಲೇತಿನಲ್ಲಿ ಮೊನಚಾಗಿ ಇಳಿಸಿಕೊಂಡ ಡ್ರಿಫ್ಟ್ ತೂರಿಸಿ ಕಣ್ಣು ಅಗಲಿಸಿದೆ. ಎಂಟು ಕಾವು ಹಿಡಿಯಿತು. ಕಣ್ಣಿನ ಒಂದು ಪಕ್ಕದ ಗೋಡೆ, ಅಂದರೆ ಕೆನ್ನೆ, ಇನ್ನೊಂದಕ್ಕಿಂತ 2 ಮಿಮೀ ತೆಳ್ಳಗಾಯಿತು, ಮಗುಚಿದಾಗ ಚುಕ್ಕಿ ನೋಡದೆ ಅಂದಾಜಿಗೆ ಹೊಡೆದದ್ದರ ಫಲ. ಬಾಯಿಯನ್ನು ಅಗಲಿಸುವುದು ಇದರ ಮುಂದೆ ಆಟ. ಹೆಂಡತಿಯೇ ಸಮ್ಮಟಿಗೆ ಹಿಡಿದಳು, ನನಗಿಂತ ನೇರ ಬೀಳುತ್ತದೆ ಅವಳ ಏಟು.

ಹದ ಕೊಡುವ ಮುಂಚೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಟ್ಟೆ, ಆಗ ಒಳಗಿನ ಹರಳು ಸಣ್ಣದಾಗುತ್ತದೆ. ಎಣ್ಣೆ ನಮ್ಮ ಬೀದಿಯ ಬೋಂಡಾ ಅಂಗಡಿಯದು, ಕರಿದು ಬಿಟ್ಟದ್ದು. ಮೊದಲು ಅದನ್ನು ಚೆನ್ನಾಗಿ ಕಾಯಿಸಿ ನೀರಿನ ಪಸೆ ಓಡಿಸಬೇಕು, ಇಲ್ಲದಿದ್ದರೆ ಮುಖಕ್ಕೆ ಉಕ್ಕುತ್ತದೆ. ಸೋಸಿ, ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಂಡೆ. ಬಾಯಿಯ ಕಡೆ ಒಂದೂವರೆ ಇಂಚು ಮಾತ್ರ ಕಾಯಿಸಿದೆ. ಸುಮಾರು 770 ಡಿಗ್ರಿಗೆ ಕಬ್ಬಿಣ ಆಯಸ್ಕಾಂತವನ್ನು ಕೈಬಿಡುತ್ತದೆ, ಅಲ್ಲಿಂದ ಇನ್ನೊಂದು ಛಾಯೆ ಮೇಲೇರಿಸಿ ಎಣ್ಣೆಗೆ ಇಳಿಸಿದೆ. ಬುಸ್ಸೆಂದು ಹೊಗೆ ಎದ್ದು ತಾರಸಿಯೆಲ್ಲ ಮೆಣಸಿನಕಾಯಿ ಬಜ್ಜಿಯ ವಾಸನೆ. ಅರ ಉಜ್ಜಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು, ಅಂದರೆ ಬಾಯಿ ಗಡಸಾಗಿದೆ.

ಹಾಗೇ ಬಿಟ್ಟರೆ ಮೊದಲ ಏಟಿಗೇ ಬಾಯಿ ಚಕ್ಕೆ ಏಳುತ್ತದೆ. ಬಾಯಿಯನ್ನು ಬೆಳ್ಳಗೆ ಉಜ್ಜಿ, ಕೆಂಪಗೆ ಕಾದ ಡ್ರಿಫ್ಟನ್ನು ಕಣ್ಣಿಗೆ ತೂರಿಸಿ ಕಾದೆ. ಬಿಸಿ ಕಣ್ಣಿನಿಂದ ಬಾಯಿಯ ಕಡೆಗೆ ನಡೆಯುವಾಗ ಬಣ್ಣಗಳು ಸಾಲಾಗಿ ಓಡುತ್ತವೆ: ಮೊದಲು ಒಣಹುಲ್ಲು, ಆಮೇಲೆ ಬೆಲ್ಲ, ಹಿಂದೆಯೇ ನೇರಳೆ ಹಣ್ಣು, ಕೊನೆಗೆ ನವಿಲುಗರಿಯ ನೀಲಿ. ಚಾಕುವಾದರೆ ಒಣಹುಲ್ಲಿಗೇ ನಿಲ್ಲಿಸುತ್ತಿದ್ದೆ. ಕೊಡಲಿಗೆ ನೇರಳೆ ಅಂಚಿಗೆ ಬಂದು ನೀಲಿ ಹಣಕುವಾಗ, ಅಂದರೆ 280 ಡಿಗ್ರಿಯ ಹತ್ತಿರ, ನೀರಿಗೆ ಹಾಕಿದೆ. ಮನೆಯ ಒಟಿಜಿ ಒಲೆ 250ಕ್ಕೇ ನಿಲ್ಲುತ್ತದೆ, ಅದರಿಂದ ಇಲ್ಲಿಗೆ ಬರಲಾಗುವುದಿಲ್ಲ. ಒಳಗಿಟ್ಟಿದ್ದರೆ ಮನೆಯವಳೂ ಸುಮ್ಮನಿರುತ್ತಿರಲಿಲ್ಲ.

ಸಾಣೆ ಹಿಡಿದು ಮುಗಿಸಿದಾಗ 540 ಗ್ರಾಂ. ಅಮೆರಿಕದವರು ಕಾವಿಗೆ ಹಿಕರಿ ಅನ್ನುತ್ತಾರೆ. ನಮಗೆ ದಿಂಡಿಗ, ಇಲ್ಲದಿದ್ದರೆ ಜಾಲಿ. ಮಾವನ ಹೊಲದ ಬದುವಿನ ಜಾಲಿಯಿಂದ ಸೀಳಿ ತೆಗೆದು, ಐದು ತಿಂಗಳು ನೆರಳಿಗೆ ಒಣಗಿಸಿ, ನಾರು ಉದ್ದಕ್ಕೂ ಓಡುವಂತೆ ಕೆತ್ತಿ ಅಗಸೆ ಎಣ್ಣೆ ಕುಡಿಸಿದೆ. ಮೊದಲ ಪರೀಕ್ಷೆಗೆ ಅದೇ ಜಾಲಿಯ ಇನ್ನೊಂದು ಕೊಂಬೆ. ಕೊಡಲಿ ಕಾವು ಕುಲಕ್ಕೆ ಮೂಲ ಅಂತ ಮಾವ ನಕ್ಕರು. ಬಾಯಿ ಮಡಚಲಿಲ್ಲ, ಚಕ್ಕೆ ಏಳಲಿಲ್ಲ.

ಈಗ ಅದು ಊರಲ್ಲೇ ಇದೆ, ನೀರಿನ ಹಂಡೆಗೆ ಸೌದೆ ಸೀಳುತ್ತಾ. ಬೇಸಿಗೆಯಲ್ಲಿ ಕಾವು ಒಣಗಿ ಸಡಿಲವಾದರೆ ತಲೆಕೆಳಗಾಗಿ ಹಿಡಿದು ಕಾವಿನ ದಪ್ಪ ತುದಿಯನ್ನು ಕಲ್ಲಿಗೆ ಎರಡು ಸಲ ಕುಟ್ಟುತ್ತಾರೆ, ತಲೆ ತಾನಾಗಿ ಆ ತುದಿಯತ್ತ ಸರಿದು ಬಿಗಿಯಾಗಿ ಕೂರುತ್ತದೆ. ತೆಳ್ಳಗಿನ ಕೆನ್ನೆಯನ್ನು ಹೋದಾಗಲೆಲ್ಲ ತಿರುಗಿಸಿ ನೋಡುತ್ತೇನೆ, ಇನ್ನೂ ಬಿರುಕಿಲ್ಲ. ನಾಲ್ಕನೆಯದಕ್ಕೆ ಇಎನ್9 ತುಂಡು ಕೊಯ್ಸಿ ಇಟ್ಟಾಗಿದೆ, ಈ ಸಲ ಚುಕ್ಕಿ ಎರಡೂ ಮುಖಕ್ಕೆ ಆಳವಾಗಿಯೇ ಬಿದ್ದಿದೆ.